ಮಯೂರಕ್ಕನ ಗಾಡಿ ಯಾಕ ಕರ್ರ್ ಅಂತು

ಸೋಲಾಪುರದ ವಿಜಾಪುರ ರಸ್ತಾದಾಗ ನಮ್ಮಕ್ಕ ಮಯೂರಿ ಹೊಸಾ ಕೆಂಪು ಸ್ಪೋರ್ಟ್ಸ್ ಕಾರ್ ತಂದು ನಿಲ್ಲಿಸಿದಾಗ ಇಡೀ ಗಲ್ಲಿ ಬಾಲ್ಕನ್ಯಾಗ ಬಂದು ನಿಂತಿತ್ತು. ಎರಡ ಬಾಗಲಾ, ಆರ ಗೇರು, ಹಿಂದಿನ ಸೀಟು ಹೆಸರಿಗಷ್ಟ. ನಮ್ಮ ಅಂಗಡಿ ಟಾವೆಲ್ ಆನ್‌ಲೈನ್ ಮಾರಿ, ತನ್ನ ಗಳಿಕಿಲೇ ತಂದ ಗಾಡಿ. ನಾ ಬಾನೆಟ್ ಮ್ಯಾಲ ಕೈ ಇಟ್ಟು, ದನಿ ಭಾರ ಮಾಡಿ ಅಂದೆ, "ಇನ್ನ ಈ ರಸ್ತಾದಾಗ ಎರಡ ಸಿಗ್ನಲ್. ಒಂದು ಪೊಲೀಸರದು. ಇನ್ನೊಂದು ನಮ್ಮಕ್ಕಂದು."

"ಕೈ ತಗಿ ಗುರ್ಯಾ. ಬೆರಳ ಮೂಡತಾವು," ಅಂದ್ಲು ಅಕ್ಕ.

ಮರುದಿನಾನ ಗಾಡಿ ಮರ್ಯಾದಿ ತಗೀತು. ಫಸ್ಟ್ ಹಾಕಿದ್ರ ಕರ್ರ್. ಸೆಕೆಂಡ್ ಹಾಕಿದ್ರ ಕರ್ರ್ರ್. ರಿವರ್ಸ್ ಅಂತೂ ಗಿರಣ್ಯಾಗ ಕಲ್ಲ ಹಾಕಿ ಬೀಸಿದಂಗ. ಶೋರೂಮಿನ್ಯಾಗ ನೋಡಿದಾಗ ಇದ ಗಾಡಿ, ಬೆಣ್ಯಾಗಿನ ಕೂದಲಾ ತಗದಂಗ ಗೇರ್ ಬೀಳತಿದ್ದು.

ನಮ್ಮ ಪಪ್ಪಾ ಸಾತಲಿಂಗಪ್ಪ, ಚಾದರ ವ್ಯಾಪಾರಿ. ಅವರ ಫೈಸಲಾ ತಯಾರಿತ್ತು.

"ಶೋರೂಮಿನವನ ಕೈಯಾಗ ನಕ್ಕೋತ ಇತ್ತು, ನಿನ್ನ ಕೈಯಾಗ ಅಳಾಕತ್ತೈತಿ. ಗಾಡಿದೇನ ತಪ್ಪು? ನಿನಗ ಗೇರ್ ಹಾಕಾಕ ಬರಂಗಿಲ್ಲ. ಆಟೋಮ್ಯಾಟಿಕ್ ತಗೋ ಅಂದ್ರ ಕೇಳಲಿಲ್ಲ."

ಮೇಸ್ತ್ರಿಗೆ ತೋರಸೂಣು ಅಂದ್ರ ಅಜ್ಜಿ ನೀಲಗಂಗಾ ಅಡ್ಡ ಬಂದ್ಲು. ನಮ್ಮ ಮನ್ಯಾಗ ಹೊಸಾ ಗಾಡಿ ಅಕ್ಕಲಕೋಟಿ ಗುಡಿಗೆ ಹೋಗಿ ಪೂಜಿ ಆಗೂತನಕ ಅದಕ್ಕ ಯಾರೂ ಪಾನಾ-ಸ್ಕ್ರೂಡ್ರೈವರ್ ಹಚ್ಚಂಗಿಲ್ಲ, ಚಪ್ಪಲಿ ಹಾಕ್ಕೊಂಡು ಒಳಗ ಕಾಲಿಡಂಗಿಲ್ಲ. ಅಕ್ಕ ಬರಿಗಾಲಿಲೇ ಹೊಡೀತಿದ್ಲು.

ಪೂಜಿ ಗುರುವಾರ ಇತ್ತು. ಬುಧವಾರ ಊಟಕ್ಕ ಕುಂತಾಗ ಪಪ್ಪಾ ಬಾಂಬ್ ಹಾಕಿದ್ರು. ದುಧನಿಯ ಅಡತಿ ವ್ಯಾಪಾರಿ ಧರೆಪ್ಪ ಕಾಕಾ ಅಕ್ಕಲಕೋಟಿಗೆ ಬರತಾನಂತ, ಗಾಡಿ ನೋಡ್ತಾನಂತ, ಮನಸಿಗೆ ಬಂದ್ರ ಮಗನ ಸಲುವಾಗಿ ತಗೊಂಡು ಹೋಗ್ತಾನಂತ.

ಅಕ್ಕ ಕೈಯಾಗಿನ ತುತ್ತು ತಾಟಿಗೆ ಇಟ್ಲು. "ತಪ್ಪು ನನ್ನ ಕೈದಿದ್ರ ಚಾವಿ ನಾನ ಕೊಡ್ತೀನ್ರಿ. ನನ್ನದಲ್ಲಂದ್ರ ಗಾಡಿ ಮನೀ ಮುಂದಿಂದ ಅಲಗಾಡಂಗಿಲ್ಲ. ಪಕ್ಕಾ?"

"ಪಕ್ಕಾ."

ನಾ ಬಾಯಿಲೇ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಕೊಟ್ಟೆ. ಇಬ್ಬರೂ ಕೂಡೇ ಬೈದ್ರು.

ಗುರುವಾರ ಹೊಂಟ್ವಿ. ಮುಂದ ಅಕ್ಕ, ಪಪ್ಪಾ. ಹಿಂದ ನಾನು, ಅಜ್ಜಿ, ಅಜ್ಜಿ ಪೂಜಿ ಚೀಲಾ. ಚೀಲಾ ನನ್ನ ಹೊಟ್ಟಿ ಮ್ಯಾಲ. ಪ್ರತಿ ಕರ್ರ್‌ಗೂ ಪಪ್ಪಾ ಕಿಡಕಿ ಕಡೆ ನೋಡಿ ಗಂಟಲಾ ಸರಿ ಮಾಡ್ಕೋತಿದ್ರು. ದಾರಿ ಮ್ಯಾಲಿನ ಕುಂಭಾರಿ ಊರಾಗ ಎಸ್‌ಟಿ ಬಸ್ ಅಡ್ಡ ಬಂತು. ಅಕ್ಕ ನಿಲ್ಲಿಸಿ ಮತ್ತ ಫಸ್ಟ್ ಹಾಕಿದ್ಲು. ಕರ್ರ್ರ್ರ್! ಚಹಾದ ಟಪರಿ ಮುಂದಿನ ಮಂದಿ ಬಾಯಿಗೆ ಹಚ್ಚಿದ ಕಪ್ ಹಂಗ ಹಿಡಕೊಂಡು ನಿಂತ್ರು. ಒಬ್ಬಾಂವ ಮರಾಠ್ಯಾಗ ಒದರಿದ, "ತಾಈ, ಉಸಾಚಾ ರಸ ಕಾಢ್ತೇಸ್ ಕಾ?"

"ಹೌದ್ರಿ, ಕಬ್ಬಿನ ಹಾಲ ತಗ್ಯಾಕತ್ತೀವಿ, ಕಬ್ಬು ನೀವ ತರ್ರಿ!" ಅಂತ ನಾ ಹಿಂದಿಂದ ತಲಿ ಚಾಚಿ ಉತ್ತರ ಕೊಟ್ಟೆ.

ಅಕ್ಕನ ಕಿವಿ ಗಾಡಿ ಬಣ್ಣಕ್ಕ ತಿರಗಿದ್ದು. ಆದ್ರ ಮುಂದ ನೋಡಕೋತ ಗಾಡಿ ಬಿಟ್ಲು.

ಅಕ್ಕಲಕೋಟಿ ಪಾರ್ಕಿಂಗಿನ್ಯಾಗ ಧರೆಪ್ಪ ಕಾಕಾ ಬಿಳೇ ಅಂಗಿ ಹಾಕ್ಕೊಂಡು, ಅತ್ತರ ಹಚ್ಕೊಂಡು, ಗಾಡಿ ತನ್ನದ ಅನ್ನೂಹಂಗ ನಿಂತಿದ್ದ. ಅವನ ಮುಂದನ ರಿವರ್ಸ್ ಹಾಕೂದು ಬಂತು. ಪಾರಿವಾಳ ಎಲ್ಲಾ ಹಾರಿ ಹೋದ್ವು.

"ಏ ಸಾತಲಿಂಗಪ್ಪಾ, ಪೋರಿ ಗೇರ್ ಹಾಕಾಕತ್ತಾಳೋ, ಜ್ವಾಳಾ ಬೀಸಾಕತ್ತಾಳೋ?"

"ಅದಕ್ಕನ ನಿನ್ನ ಕರಸಿದ್ದು," ಅಂದ್ರು ಪಪ್ಪಾ.

ಅಕ್ಕ ಇಳದು ಚಾವಿ ಮುಷ್ಟ್ಯಾಗ ಹಿಡಕೊಂಡು ನನ್ನ ಕಡೆ ತಿರಗಿದ್ಲು. "ಗುರ್ಯಾ, ಖರೇ ಹೇಳು. ಇದರಾಗ ಏನರ ಇಟ್ಟೀಯೇನು?"

ಕೇಳೂದು ಬರೋಬ್ಬರಿನ ಐತಿ. ಹೋದ ತಿಂಗಳ ಪಪ್ಪಾನ ಸ್ಕೂಟರ್ ಸೀಟಿನ ಕೆಳಗ ಸ್ಪೀಕರ್ ಇಟ್ಟು ಆಡಿನ ಆವಾಜ್ ಬಿಟ್ಟಿದ್ದೆ. ಅರ್ಧಾ ಮಾರ್ಕೆಟ್ ಆಡ ಹುಡಕಿತ್ತು.

"ಅಕ್ಕಾ, ಈ ಗುರುಸಿದ್ಧ ತಾ ಮಾಡಿದ ಪಿಚ್ಚರಿಗೆ ದೊಡ್ಡ ಅಕ್ಷರದಾಗ ಹೆಸರ ಹಾಕ್ಕೋತಾನ. ಇದು ನನ್ನ ಪಿಚ್ಚರ್ ಅಲ್ಲ."

"ಹಂಗಂದ್ರ ತಗ್ಗಿ ನೋಡಿ ತೋರಸು."

ಮೊಬೈಲ್ ಬ್ಯಾಟರಿ ಹಚ್ಚಿ ಸ್ಟೇರಿಂಗ್ ಕೆಳಗ ತಲಿ ತೂರಿಸಿದೆ. "ಕ್ಲಚ್ ಒತ್ತು." ಅಕ್ಕ ಬಾಗಲದಾಗಿಂದ ಕಾಲ ಚಾಚಿ ಒತ್ತಿದ್ಲು. ಪೆಡಲ್ ಕೆಳಗ ಬಂತು, ತಳಾ ಮುಟ್ಟೂದ್ರಾಗ ಮೆತ್ತಗ ಯಾತಕ್ಕೋ ತಾಗಿ ನಿಂತಿತು. ರಬ್ಬರ್ ಮ್ಯಾಟ್ ಉಬ್ಬಿದ ಪುರಿ ಆಗಿತ್ತು. ಎತ್ತಿ ಜಗ್ಗಿದೆ. ಕೆಳಗಿಂದ ಬಂತು ನಮ್ಮ ಅಂಗಡೀದ ಒಂದು ಸೋಲಾಪುರಿ ಚಾದರ, ಹೂವಿನ ಡಿಜೈನು, ಅಚ್ಚುಕಟ್ಟಾಗಿ ಮಡಚಿದ್ದು.

ಕ್ಲಚ್ ಪೂರಾ ಒಳಗ ಹೋಗದ ಗೇರ್ ಹಾಕಿದ್ರ ಹಲ್ಲಿಗೆ ಹಲ್ಲ ತಿಕ್ಕದ ಇನ್ನೇನ ಮಾಡತಾವು?

"ಅದ್ಯಾಕ ತಗದಿ?" ಅಜ್ಜಿ ಹಿಂದಿನ ಸೀಟಿನಿಂದ ಒದರಿದ್ಲು. "ಗಾಡಿ ಬಂದ ದಿನಾನ ನಾ ಹಾಸೀನಿ. ಪೋರಿ ಬರಿಗಾಲಿಲೇ ಹೊಡೀತಾಳ, ಬಿಸಲಾಗ ಕಾಲ ಸುಡತಾವು. ಮ್ಯಾಲ ರಬ್ಬರ ಹಾಕೀನಿ, ಚಾದರ ಹೊಲಸ ಆಗಬಾರದಂತ."

"ರಬ್ಬರ್ ಹಾಕಿದ ಮ್ಯಾಲ ಕಾಲಿಗೆ ಚಾದರ ಎಲ್ಲಿ ಹತ್ತೈತಬೇ?"

"ಚಾದರ ಮಾರಾವರ ಮನೀ ಗಾಡಿ ಐತಿ, ಒಂದ ಚಾದರನೂ ಬ್ಯಾಡೇನು?"

ನಾ ಚಾದರ ಎತ್ತಿಕೊಂಡು ಹೊರಗ ಬಂದೆ.

ಅಕ್ಕ ಒಳಗ ಕುಂತು ಕ್ಲಚ್ ತಳದ ಮಟಾ ಒತ್ತಿದ್ಲು. ಫಸ್ಟ್. ಮುಂದ ಹೋತು. ಸೆಕೆಂಡ್. ಪಾರ್ಕಿಂಗಿಗೆ ಒಂದ ಸುತ್ತ ಹೊಡದು, ರಿವರ್ಸ್ ಹಾಕಿ ಧರೆಪ್ಪ ಕಾಕಾನ ಬೂಟಿನ ಮುಂದ ತಂದು ನಿಲ್ಲಿಸಿದ್ಲು. ಗಾಡಿ ಉಸಿರ ಬಿಟ್ಟಷ್ಟ ಕೇಳ್ತು.

ಧರೆಪ್ಪ ಕಾಕಾನ ಕಣ್ಣ ಮಿಂಚಿದ್ವು. "ಈಗಂತೂ ಬೆಸ್ಟ್ ಆತಲ್ಲೋ! ಸಾತಲಿಂಗಪ್ಪಾ, ಗಾಡಿ ನಂದ ಆತು. ನೀ ಮಾತ ಕೊಟ್ಟೀದಿ."

ಅಕ್ಕ ಇಳದು ಪಪ್ಪಾನ ಮುಂದ ನಿಂತ್ಲು. ಬೇಡಕೊಳ್ಳಲಿಲ್ಲ, ಒದರಾಡಲಿಲ್ಲ. "ತಪ್ಪು ನನ್ನ ಕೈದೇನ್ರಿ ಪಪ್ಪಾ?"

ಪಪ್ಪಾ ಚಾದರ ನೋಡಿದ್ರು, ಗಾಡಿ ನೋಡಿದ್ರು, ತಮ್ಮ ಚಪ್ಪಲಿ ಇಲ್ಲದ ಕಾಲ ನೋಡಿಕೊಂಡ್ರು. ನಾ ಮ್ಯೂಸಿಕ್ ಕೊಡಲಿಲ್ಲ.

"ಇಲ್ಲವಾ," ಅಂದ್ರು. ಆಮ್ಯಾಲ ತಿರಗಿ, "ಧರೆಪ್ಪಾ, ಗಾಡಿ ಕೊಡಂಗಿಲ್ಲ."

"ಅರೇ! ಪೋರಿಗೆ ಗೇರ್ ಬರಂಗಿಲ್ಲ ಅಂತ ಊರಿಗೆಲ್ಲಾ ನೀನ ಹೇಳಿದ್ದಿ."

"ಹೇಳಿದ್ದೆ. ನಂಗ ಗೊತ್ತಿರಲಿಲ್ಲ ಅಂತ ಈಗ ಊರಿಗೆಲ್ಲಾ ಮತ್ತ ಹೇಳ್ತೀನಿ. ದುಧನ್ಯಾಗ ಹೇಳೂ ಕೆಲಸಾ ನಿಂದು."

ಧರೆಪ್ಪ ಕಾಕಾ ಬರಿಗೈಲೇ ಹೋಗಬಾರದಂತ ಪಪ್ಪಾ ಅದ ಚಾದರ ಝಾಡಿಸಿ ಅವನ ಹೆಗಲಿಗೆ ಹಾಕಿದ್ರು. ಕಾಕಾ ಬೈಕೋತ ಹೊಂಟ, ಆದ್ರ ಚಾದರ ಬಿಟ್ಟು ಹೋಗಲಿಲ್ಲ.

ಪೂಜಿ ಆತು. ಲಿಂಬಿಹಣ್ಣು ಚಕ್ಕರ ಕೆಳಗ ಚಪ್ಪಟಿ ಆದ್ವು. ವಾಪಸ್ ಹೊಂಟಾಗ ಅಜ್ಜಿ ಹಟಾ ಹಿಡದು ಮುಂದ ಕುಂತ್ಲು. ಪಪ್ಪಾ ನನ್ನ ಬಾಜೂಕ, ಮೊಣಕಾಲ ಗದ್ದಕ್ಕ ಹಚ್ಕೊಂಡು ಮಡಚಿ ಕುಂತ್ರು. ಹೊಲಾ ಹಿಂದ ಹಿಂದ ಓಡಾಕತ್ತಿದ್ದು. ಪಪ್ಪಾ ಕಿವಿಗೊಟ್ಟು ಕುಂತಿದ್ರು.

ಭಾಳ ಹೊತ್ತಾದ ಮ್ಯಾಲ ಕೇಳಿದ್ರು, "ಮಯೂರಿ, ಮೂರನೇದ್ದು ಯಾವಾಗ ಹಾಕ್ತಿ?"

"ಆರನೇದ್ದರಾಗ ಅದೀವ್ರಿ ಪಪ್ಪಾ," ಅಂದ್ಲು ಅಕ್ಕ.