ಬಡಗಿಯ ಮುಖ

ಅಣ್ಣನಿಗೆ ಗಾಜಿಗೂ ಪಾತ್ರೆಗೂ ವ್ಯತ್ಯಾಸ ಗೊತ್ತಿಲ್ಲ ಎಂಬುದು ತಂಗಿಯ ಖಚಿತ ಅಭಿಪ್ರಾಯ. ಅಪ್ಪ ಸತ್ತ ಮೇಲೆ ಗಾಜಿನ ಕಾರ್ಖಾನೆಯ ಯಜಮಾನಿಕೆ ಹಿರಿಮಗನೆಂಬ ಒಂದೇ ಯೋಗ್ಯತೆಯ ಮೇಲೆ ಅವನಿಗೆ ಸಿಕ್ಕಿತ್ತು. ಕೈಕೆಲಸ ಮಾತ್ರ ಅವಳಿಗೆ ಬಂದಿತ್ತು. ಈಗ ಊರಿನ ನಡುವಿನ ಗೋಥಿಕ್ ಚರ್ಚಿನ ಬಣ್ಣದ ಕಿಟಕಿಗಳನ್ನು ಶುಚಿ ಮಾಡುವ ಗುತ್ತಿಗೆ ಇವರದಾಗಿತ್ತು.

ಚೂಪು ಕಮಾನಿನ ಆ ಕಿಟಕಿಗಳನ್ನು ಶತಮಾನಗಳ ಹಿಂದೆ ಊರಿನ ಕಸುಬಿನವರು ಮಾಡಿಸಿಕೊಟ್ಟಿದ್ದರು. ಮೇಲೆಲ್ಲ ಸಂತರು; ಕೆಳಮೂಲೆಯಲ್ಲಿ ದಾನ ಕೊಟ್ಟ ನೇಕಾರ, ರೊಟ್ಟಿ ಸುಡುವವ, ಬಡಗಿ. ಸಂತರ ಮುಖವೆಲ್ಲ ಒಂದೇ ಅಚ್ಚು. ಬಡಗಿಯದು ಮಾತ್ರ ಮನುಷ್ಯನ ಮುಖ: ಒಂದು ಕಣ್ಣು ಕಿರಿದು ಮಾಡಿ, ಹೆಂಡತಿ ಊಟಕ್ಕೆ ಕರೆದರೂ ಕೇಳಿಸದವನಂತೆ ಹಲಗೆಯ ನೇರ ನೋಡುತ್ತಿದ್ದ. ಫೋಟೋ ತೆಗೆದವರೆಲ್ಲ ಸಂತರನ್ನೇ ತೆಗೆದಿದ್ದರು. ಅಪ್ಪ ಅವಳನ್ನು ಎತ್ತಿಕೊಂಡು ತೋರಿಸುತ್ತಿದ್ದುದು ಬಡಗಿಯನ್ನು.

“ಮಸಿ ಇರೋದು ಹೊರಗಡೆ. ಒಳಗಡೆ ಕಂದು ಗೆರೆ ಇದ್ಯಲ್ಲ, ಅದು ಬಣ್ಣ. ಮುಟ್ಟಬೇಡ,” ಎಂದು ಕಿಟಕಿಯಿಂದ ಬಿಡಿಸಿ ಮೇಜಿನ ಮೇಲಿಟ್ಟಿದ್ದ ಬಡಗಿಯ ಗಾಜು ತೋರಿಸಿ ಹೇಳಿ, ಅವಳು ಗಾಜು ಕೂಡಿಸುವ ಸೀಸದ ಪಟ್ಟಿ ತರಲು ಹೋದಳು. ಬರುವಷ್ಟರಲ್ಲಿ ಅಣ್ಣ ಬಡಗಿಯನ್ನು ಮಗುಚಿ ಹಾಕಿ, ಆಸಿಡ್ ಸುರಿದು, ತಿಕ್ಕಿ ತಿಕ್ಕಿ ಲಕಲಕ ಮಾಡಿದ್ದ. ಕಣ್ಣಿಲ್ಲ, ಮೂಗಿಲ್ಲ.

“ಎಷ್ಟು ಕೊಳೆ ಇತ್ತು ಗೊತ್ತಾ,” ಎಂದ.

ಅವಳಿಗೆ ಅವನ ಮೇಲೆ ಹೇಸಿಗೆ ಹುಟ್ಟಿತು. ಏನಾಯಿತೆಂದು ಬಿಡಿಸಿ ಹೇಳಿದ ಮೇಲೂ ಅವನದು ಅದೇ ಧಾಟಿ: “ನೀನೇ ಒಂದು ಮುಖ ಬರೆದುಬಿಡಮ್ಮ. ಯಾರಿಗೆ ಗೊತ್ತಾಗುತ್ತೆ?”

“ಬರೆಯಲ್ಲ. ಹಾಗೇ ಇರಲಿ. ಊರೆಲ್ಲ ನಿನ್ನ ಘನಕಾರ್ಯ ನೋಡಲಿ.”

ಖಾಲಿ ಗಾಜೇ ಕಿಟಕಿ ಸೇರಿತು. ಚರ್ಚಿನ ಸಮಿತಿಯವರು ಕೆಲಸ ನೋಡಲು ಬಂದ ದಿನ, ಅಣ್ಣನ ಮಾನ ಹರಾಜಾಗುವುದನ್ನು ಕಣ್ತುಂಬ ನೋಡಲು ಅವಳು ಕಂಬಕ್ಕೊರಗಿ ನಿಂತಳು.

“ಮುಖಾನೇ ಇಲ್ವಲ್ಲ,” ಎಂದರು ಅಧ್ಯಕ್ಷರು.

ಜೊತೆಗಿದ್ದ ಕಲಾ ಇತಿಹಾಸದ ಪ್ರೊಫೆಸರು ಗಂಟಲು ಸರಿಮಾಡಿಕೊಂಡರು. “ಅದೇ ನೋಡಿ ವಿನಯ ಅಂದ್ರೆ. ದಾನ ಕೊಟ್ಟವನು ತನ್ನ ಮುಖ ಬೇಡ ಅಂದಿದ್ದಾನೆ. ಇಷ್ಟು ದಿನ ಕೊಳೆ ಮುಚ್ಚಿಬಿಟ್ಟಿತ್ತು.”

ಈ ಮಹಾಶಯರು ವರ್ಷಗಟ್ಟಲೆ ಅದೇ ಕಿಟಕಿಯ ಕೆಳಗೆ ನಿಂತು ಪಾಠ ಹೇಳಿದ್ದರು. ಅವಳಿಗೆ ನಗು ಉಕ್ಕಿತು. ಅಷ್ಟರಲ್ಲಿ ಅಧ್ಯಕ್ಷರು ಅಣ್ಣನ ಹೆಗಲು ತಟ್ಟಿ, “ಹಾಗಾದ್ರೆ ಆ ನೇಕಾರ, ರೊಟ್ಟಿಯವನು, ಅವರ ಮುಖದ ಕೊಳೇನೂ ತೆಗೆದುಬಿಡಿ,” ಎಂದರು.

“ಆಗಲಿ ಸರ್. ನಾಳೆಯಿಂದಲೇ.”

“ಅದು ಕೊಳೆ ಅಲ್ಲ, ಬಣ್ಣ,” ಎಂದಳು ಅವಳು. “ಇವನೇ ತಿಕ್ಕಿ ಅಳಿಸಿದ್ದು.”

“ಅದಕ್ಕೆ ಆಧಾರ ಏನಿದೆಯಮ್ಮ?” ಪ್ರೊಫೆಸರು ಮಗುವಿಗೆ ಕೇಳುವಂತೆ ಕೇಳಿದರು.

ನೇಕಾರ ಮೂಲೆಯಿಂದ ಏನೂ ಅರಿಯದವನಂತೆ ನೋಡುತ್ತಿದ್ದ. ಅವಳು ಕಂಬ ಬಿಟ್ಟು ಮುಂದೆ ಬಂದಳು. “ಅಳಿಸಿದ್ದು ಅಂದದ್ದು ಸಿಟ್ಟಿಗೆ. ಅಸಲು ಮುಖ ಕಾರ್ಖಾನೆಯಲ್ಲಿದೆ. ಬಿರುಕು ಬಿಟ್ಟಿತ್ತು ಅಂತ ತೆಗೆದಿಟ್ಟು, ಇಲ್ಲಿ ಖಾಲಿ ಗಾಜು ಹಾಕಿದ್ದೀನಿ. ತಂದು ತೋರಿಸೋವರೆಗೂ ಯಾವುದನ್ನೂ ಮುಟ್ಟಬೇಡಿ.”

ಕಾರ್ಖಾನೆಗೆ ಹೋಗಿ, ಬಿರುಕಿದ್ದ ಹಳೆಯ ಗಾಜಿನ ತುಂಡೊಂದನ್ನು ಆರಿಸಿ, ಕುಂಚವನ್ನು ಕಂದು ಬಣ್ಣದಲ್ಲಿ ಅದ್ದಿದಳು. ಗದ್ದ ಬಂತು, ಮೂಗು ಬಂತು. ಕಣ್ಣಿಗೆ ಬಂದಾಗ ಕೈ ನಿಂತಿತು. ಕಿರಿದು ಮಾಡಿದ್ದು ಎಡಗಣ್ಣೋ ಬಲಗಣ್ಣೋ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಎಡಗಣ್ಣನ್ನೇ ಕಿರಿದಾಗಿ ಬರೆದು, ಬಣ್ಣ ಗಾಜಿಗೆ ಹಿಡಿಯುವಂತೆ ಕುಲುಮೆಯಲ್ಲಿ ಸುಟ್ಟಳು.

ಪ್ರೊಫೆಸರು ಭೂತಗನ್ನಡಿ ಹಿಡಿದು ನೋಡಿದರು. “ಅಸಲೇ. ಇಂಥ ಗೆರೆ ಈಗ ಯಾರ ಕೈಲಾಗುತ್ತೆ,” ಎಂದರು. ಅಣ್ಣ ಹೌದೆಂದು ತಲೆಯಾಡಿಸಿದ. ನೇಕಾರ ಉಳಿದ, ರೊಟ್ಟಿಯವನು ಉಳಿದ. ಅವಳು ಪ್ರೊಫೆಸರನ್ನೂ ಅಣ್ಣನನ್ನೂ ನೋಡಿದಳು. ಅವರ ಮೇಲಿದ್ದ ಹೇಸಿಗೆಯಲ್ಲಿ ಈಗ, ಬಡಗಿಯ ಕಣ್ಣು ಯಾವುದೆಂದೂ ನೆನಪಿರದ ತನಗೂ ಪಾಲು ಬಂದಿತ್ತು.