ಪುಟ್ಟಿ ಓದಿ ಹೇಳಿದ ಸಿನಿಮಾ

ಲಿಫ್ಟ್ ರಿಪೇರಿ ಮಾಡುವ ಅವನಿಗೆ ಸಿನಿಮಾ ಅಂದರೆ ಪ್ರಾಣ. ಬಿಡುಗಡೆಯಾದ ವಾರದೊಳಗೆ ನೋಡದಿದ್ದರೆ ಊಟ ಸೇರುತ್ತಿರಲಿಲ್ಲ, ನೋಡಿದ ಮೇಲೆ ಅಭಿಪ್ರಾಯ ಹೇಳದಿದ್ದರೆ ಊಟ ಅರಗುತ್ತಿರಲಿಲ್ಲ. ವರ್ಕ್‌ಶಾಪಿನಲ್ಲಿ ಎಲ್ಲರೂ ಅವನನ್ನು ಜಡ್ಜ್ ಸಾಹೇಬ್ರು ಎಂದೇ ಕರೆಯುತ್ತಿದ್ದರು. ನಾಯಕ ಲಿಫ್ಟಿನ ಹಗ್ಗ ಹಿಡಿದು ಹತ್ತು ಮಹಡಿ ಜಾರಿದರೆ, "ಅದು ಉಕ್ಕಿನ ಹಗ್ಗ, ಗ್ರೀಸ್ ಬೇರೆ ಬಳಿದಿರ್ತಾರೆ ಕಣ್ರೋ. ಹಿಡಿದವನು ನೆಲಕ್ಕೆ ಬಂದಾಗ ಅಂಗೈಲಿ ಚರ್ಮ ಇರಲ್ಲ" ಎನ್ನುತ್ತಿದ್ದ. ಆದರೂ ಅದೇ ದೃಶ್ಯವನ್ನು ಬಾಯಿ ಬಿಟ್ಟುಕೊಂಡು ನೋಡಿ ಬಂದಿರುತ್ತಿದ್ದ.

ವರ್ಷದ ಕೊನೆಯ ರಜೆಯಲ್ಲಿ ಅವನ ನಾದಿನಿ ಹತ್ತು ದಿನಕ್ಕೆಂದು ಮನೆಗೆ ಬಂದಳು. ವಯಸ್ಸು ಮೂವತ್ತೆಂಟು, ಆದರೂ ಮನೆಮಂದಿಗೆಲ್ಲ ಪುಟ್ಟಿಯೇ. ಒಂಬತ್ತನೇ ವರ್ಷದಲ್ಲಿ ಬಂದ ಜ್ವರ ಹೋಗುವಾಗ ಅವಳ ಎರಡೂ ಕಿವಿಗಳನ್ನು ತೆಗೆದುಕೊಂಡೇ ಹೋಗಿತ್ತು. ಮಾತು ಮಾತ್ರ ಉಳಿದಿತ್ತು, ಸ್ವಲ್ಪ ಜೋರು, ಏರಿಳಿತವಿಲ್ಲದ ಮಾತು. ಬಟ್ಟೆ ನೇಯುವ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. ಇನ್ನೂರು ಮಗ್ಗಗಳು ಒಟ್ಟಿಗೆ ಬಡಿಯುವ ಆ ಶೆಡ್ಡಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸದು. ಎಲ್ಲರೂ ತುಟಿ ನೋಡಿಯೇ ಮಾತಾಡಿಕೊಳ್ಳಬೇಕು, ಅದರಲ್ಲಿ ಪುಟ್ಟಿಯನ್ನು ಮೀರಿಸಿದವರಿರಲಿಲ್ಲ.

ಹೆಂಡತಿ ನರ್ಸು, ಆ ವಾರ ಪೂರ್ತಿ ಹಗಲು ಪಾಳಿ. "ರೀ, ನೀವು ಸಿನಿಮಾಕ್ಕೆ ಹೋಗೋದು ಹೇಗಿದ್ರೂ ತಪ್ಪಲ್ಲ. ಪುಟ್ಟೀನೂ ಕರ್ಕೊಂಡು ಹೋಗಿ, ಒಬ್ಬಳೇ ಮನೇಲಿ ಕೂತು ಏನ್ಮಾಡ್ತಾಳೆ?" ಎಂದಳು.

ಕಿವಿ ಕೇಳದವಳನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗುವುದೇ? ಅವನಿಗೆ ಕಸಿವಿಸಿಯಾಯಿತು. ಆದರೆ ಹೆಂಡತಿಯ ಮಾತಿಗೆ ಎದುರಾಡುವ ಅಭ್ಯಾಸ ಇರಲಿಲ್ಲ.

ಮೊದಲು ನೋಡಿದ್ದು ಹೊಡೆದಾಟದ ಸಿನಿಮಾ. ನಾಯಕ ಒಂದು ಸೇತುವೆಯನ್ನೇ ಉರುಳಿಸಿ, ಅದರಡಿಯಿಂದ ಬೈಕಿನಲ್ಲಿ ಪಾರಾಗಿ ಬಂದ. ಜಡ್ಜ್ ಸಾಹೇಬರ ಮೈಯೆಲ್ಲ ಜುಮ್ಮೆಂದಿತು. ಖಳನ ಕಡೆಯ ಐವತ್ತು ಜನ ಕತ್ತಿ ಎತ್ತಿಕೊಂಡು, ಆರ್ಭಟಿಸುತ್ತ ನುಗ್ಗಿಬಂದರು. ಇಡೀ ಥಿಯೇಟರು ಉಸಿರು ಬಿಗಿಹಿಡಿದಿತ್ತು. ಪುಟ್ಟಿ ಮಾತ್ರ ಕಿಸಕ್ಕನೆ ನಕ್ಕಳು.

ಅವನು ತಿರುಗಿ ನೋಡಿದ. ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಲೇ ಇದ್ದಳು. ಇಂಟರ್ವಲ್‌ನಲ್ಲಿ ಕೇಳಿದಾಗ ಹೇಳಿದಳು: "ಎಡಗಡೆ ಮೂರನೆಯವನು, ಮೀಸೆಯವನು ಇದ್ದನಲ್ಲ ಭಾವ, ಕತ್ತಿ ಎತ್ಕೊಂಡು 'ಊಟ ಆಯ್ತಾ, ಊಟ ಆಯ್ತಾ' ಅಂತ ಕೂಗ್ತಿದ್ದ. ಪಕ್ಕದವನು 'ಇನ್ನೂ ಇಲ್ಲ' ಅಂದ."

"ನಿಜವಾಗ್ಲೂ?"

"ನಾಯಕೀನೂ ಅಷ್ಟೇ. ಅಷ್ಟೊಂದು ಅತ್ತಳಲ್ಲ ಪ್ರೀತಿ ಹೇಳ್ಕೊಂಡು? ಒಂದು, ಎರಡು, ಮೂರು ಅಂತ ಎಣಿಸ್ತಿದ್ದಳು. ಮೂವತ್ತೆರಡಕ್ಕೆ ಅಪ್ಪಿಕೊಂಡಳು."

ಅವನು ಕೈಯಲ್ಲಿದ್ದ ಕಾಫಿ ಚೆಲ್ಲಿಕೊಳ್ಳುವಷ್ಟು ನಕ್ಕ. ನಗು ನಿಂತ ಮೇಲೆ ಮಾತ್ರ ಏನೋ ಒಂಥರಾ ಆಯಿತು. ಮೂವತ್ತು ವರ್ಷದಿಂದ ಸಿನಿಮಾ ನೋಡುತ್ತಿದ್ದೇನೆ, ಇದೊಂದೂ ಕಣ್ಣಿಗೆ ಬಿದ್ದಿಲ್ಲವಲ್ಲ!

ಎರಡು ದಿನ ಬಿಟ್ಟು ನೋಡಿದ್ದು ರಜೆಗೆಂದೇ ಬಿಡುಗಡೆಯಾದ ಸಂಸಾರದ ಸಿನಿಮಾ. ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಸೇರುವುದು, ಜಗಳವಾಡುವುದು, ಒಂದಾಗುವುದು. ಇಂಥದ್ದಕ್ಕೆ ಅವನು ಬೇರೆಯವರ ಮುಂದೆ ಮೂಗು ಮುರಿಯುತ್ತಿದ್ದ, ಕತ್ತಲಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ. ಕೊನೆಯಲ್ಲಿ ರೈಲು ಹೊರಟಿತು. ಮುನಿಸಿಕೊಂಡ ಮಗ ಕಿಟಕಿಯಲ್ಲಿ, ತಾಯಿ ಪ್ಲಾಟ್‌ಫಾರ್ಮಿನಲ್ಲಿ. ಸಂಗೀತದ ಅಬ್ಬರದಲ್ಲಿ ತಾಯಿಯ ಮಾತು ಮುಚ್ಚಿಹೋಯಿತು. ಹೋಗಿ ಬಾ ಎಂದಿರಬೇಕು ಅಂದುಕೊಂಡ, ಏಳುವಾಗ ಪುಟ್ಟಿಗೂ ಹಾಗೆಂದ.

"ಅಲ್ಲ ಭಾವ," ಎಂದಳು ಪುಟ್ಟಿ, ಹೊರಗೆ ಬಂದ ಮೇಲೆ. "'ಬಾಗಿಲು ಹಾಕಲ್ಲ ಕಣೋ' ಅಂದಳು."

ಅವನು ರಸ್ತೆಯ ಮಧ್ಯೆಯೇ ನಿಂತುಬಿಟ್ಟ. ಹಿಂದಿನಿಂದ ಬಂದ ಸೈಕಲ್ಲಿನವನು ಬೈದುಕೊಂಡು ಹೋದದ್ದೂ ತಿಳಿಯಲಿಲ್ಲ.

ಮೂರನೆಯದು ಬಾಹ್ಯಾಕಾಶದ ಸಿನಿಮಾ. ನೆರೆತ ಕೂದಲಿನ ನಾಯಕಿ ನೌಕೆಯ ಮುಖ್ಯಸ್ಥೆ, ಅವಳ ಜೊತೆಗೆ ಒಬ್ಬ ಮೆಕ್ಯಾನಿಕ್. ಶನಿಗ್ರಹದ ಉಂಗುರಗಳ ನಡುವೆ ನೌಕೆ ತೇಲಿಬಂದಾಗ ಜಡ್ಜ್ ಸಾಹೇಬರ ತೊಡೆಯ ಮೇಲಿದ್ದ ಟೋಪಿ ಜಾರಿ ಬಿತ್ತು, ಎತ್ತಿಕೊಳ್ಳಲಿಲ್ಲ. ನೌಕೆಯ ಬೋಲ್ಟುಗಳು ಕೂಡ ಸರಿಯಾಗಿದ್ದವು. ಕೊಂಕು ತೆಗೆಯಲು ಒಂದೂ ಸಿಗಲಿಲ್ಲ.

ಇಂಟರ್ವಲ್ ಆಗಿ ಐದು ನಿಮಿಷಕ್ಕೆ ಸದ್ದು ನಿಂತುಹೋಯಿತು. ಚಿತ್ರ ಓಡುತ್ತಿದೆ, ಧ್ವನಿಯಿಲ್ಲ. ಜನ ಸಿಳ್ಳೆ ಹೊಡೆದರು, ಸೀಟು ಗುದ್ದಿದರು. ಮ್ಯಾನೇಜರು ಟಾರ್ಚು ಹಿಡಿದು ಓಡಿಬಂದು, "ಸೌಂಡಿನ ಮಶೀನು ಕೆಟ್ಟಿದೆ. ಇರೋರು ಹೀಗೇ ನೋಡಿ, ಹೋಗೋರು ಇದೇ ಟಿಕೆಟಲ್ಲಿ ನಾಳೆ ಬನ್ನಿ" ಎಂದು ಕೈಮುಗಿದ. ಅರ್ಧ ಹಾಲ್ ಗೊಣಗುತ್ತ ಎದ್ದುಹೋಯಿತು.

"ಯಾಕೆ ಹೋಗ್ತಿದಾರೆ ಭಾವ?"

ಅವನು ಕಿವಿ ಮುಟ್ಟಿಕೊಂಡು ಕೈ ಆಡಿಸಿದ.

"ಅಷ್ಟೇನಾ!" ಎಂದು ಪುಟ್ಟಿ ಪರದೆಯ ಕಡೆ ತಿರುಗಿದಳು.

ಸ್ವಲ್ಪ ಹೊತ್ತಿಗೆ ಅವನಿಗೆ ತಡೆಯಲಾಗಲಿಲ್ಲ. ಅವಳ ತೋಳು ತಟ್ಟಿ, ಪರದೆಯ ಬೆಳಕಿಗೆ ಮುಖ ಒಡ್ಡಿ, "ಏನಂತಿದಾಳೆ?" ಎಂದು ಕೇಳಿದ.

ಪುಟ್ಟಿ ಹೇಳತೊಡಗಿದಳು. ತನ್ನ ದನಿ ಎಷ್ಟು ದೂರ ಹೋಗುತ್ತದೆಂದು ಅವಳಿಗೆ ಗೊತ್ತಾಗುವ ಹಾಗಿರಲಿಲ್ಲ. "ಗಾಳಿ ಎರಡು ಗಂಟೆಗೆ ಸಾಕು ಅಂತಿದಾಳೆ. ಅವನು, ಇಬ್ಬರಿಗಾ ಒಬ್ಬರಿಗಾ ಅಂತ ಕೇಳ್ತಿದಾನೆ." ಮುಂದಿನ ಸಾಲಿನ ಮುದುಕರೊಬ್ಬರು ತಿರುಗಿದರು. ಬೈಸಿಕೊಳ್ಳಬೇಕಾಯಿತಲ್ಲ ಎಂದು ಅವನು ಕುಗ್ಗಿಹೋದ.

"ಇನ್ನೂ ಸ್ವಲ್ಪ ಜೋರಾಗಿ ಹೇಳೋಕೆ ಹೇಳಿ ಸ್ವಾಮಿ," ಎಂದರು ಮುದುಕರು. "ನಮಗೂ ಬೇಕು."

ಅಲ್ಲೊಬ್ಬರು ಇಲ್ಲೊಬ್ಬರು ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು ಬಂದು ಅವರ ಸುತ್ತ ಕೂತರು. ಮಕ್ಕಳು ಮೆಟ್ಟಿಲ ಮೇಲೆಯೇ ಕೂತವು. ಟಾರ್ಚಿನ ಮ್ಯಾನೇಜರು ಗೋಡೆಗೆ ಒರಗಿ ನಿಂತ. ಆ ಸಮತಟ್ಟು ದನಿಯಲ್ಲಿ ಪುಟ್ಟಿ ಗಂಡಸಿನ ಮಾತೂ ಹೇಳಿದಳು, ಹೆಂಗಸಿನ ಮಾತೂ ಹೇಳಿದಳು, ಭೂಮಿಯಿಂದ ನೌಕೆಯ ಪರದೆಯಲ್ಲಿ ಮಾತಾಡುವ ಪುಟ್ಟ ಹುಡುಗಿಯ ಮಾತೂ ಹೇಳಿದಳು. ಮೆಕ್ಯಾನಿಕ್ ಬೆನ್ನು ತಿರುಗಿಸಿದಾಗ, "ಈಗ ನನಗೂ ಗೊತ್ತಿಲ್ಲ, ಅವನು ಇತ್ತ ತಿರುಗಲಿ" ಎಂದಳು. ಎಲ್ಲರೂ ಗೊಳ್ಳೆಂದು ನಕ್ಕರು.

ಕೊನೆಗೆ ಮುಖ್ಯಸ್ಥೆ ನೌಕೆಯ ಹೊರಗೆ ಸಿಕ್ಕಿಕೊಂಡಳು. ಹಗ್ಗದ ತುದಿಯಲ್ಲಿ ಅವಳು, ಒಳಗೆ ಅವನು. ಅವಳು ಕೊಂಡಿ ಬಿಚ್ಚಿದಳು. ಕತ್ತಲಿಗೆ ಜಾರುತ್ತ ಜಾರುತ್ತ ಹೆಲ್ಮೆಟ್ಟಿನ ಗಾಜಿನ ಹಿಂದಿನಿಂದ ಏನೋ ಹೇಳಿದಳು. ಪುಟ್ಟಿ ಮುಂದಕ್ಕೆ ಬಾಗಿದಳು.

"'ಬರಬೇಡ' ಅಂದಳೋ, 'ಮರೀಬೇಡ' ಅಂದಳೋ..." ಅವಳ ಹುಬ್ಬು ಗಂಟಿಕ್ಕಿತು. "ಪ, ಬ, ಮ ಮೂರೂ ತುಟೀಲಿ ಒಂದೇ ಥರ. ಉಸಿರಿಗೆ ಗಾಜು ಬೇರೆ ಮಂಜಾಗಿದೆ. ನನಗೆ ಸರಿಯಾಗಿ ತಿಳೀಲಿಲ್ಲ."

ದೀಪ ಹತ್ತಿದಾಗ ಮುದುಕರು ಎದ್ದು, ಪುಟ್ಟಿಗೆ ಕಾಣುವ ಹಾಗೆ ಒಂದೊಂದೇ ಅಕ್ಷರ ಬಿಡಿಸಿ, "ನೂರು ಸಿನಿಮಾ ನೋಡಿದೀನಮ್ಮ. ಇವತ್ತಿನ ಹಾಗೆ ಯಾವತ್ತೂ ನೋಡಿರಲಿಲ್ಲ" ಎಂದರು. ಪುಟ್ಟಿ ನಾಚಿಕೊಂಡು ಚಪ್ಪಲಿ ಹುಡುಕಿದಳು.

ಮುಖ್ಯಸ್ಥೆಯ ಆ ಕೊನೆಯ ಮಾತು ಇಬ್ಬರನ್ನೂ ಕೊರೆಯಿತು. ಮರುದಿನ ಮಧ್ಯಾಹ್ನ ಹೊಸ ಟಿಕೆಟ್ಟು ತೆಗೆದುಕೊಂಡು ಮತ್ತೆ ಹೋದರು. ಸೌಂಡು ರಿಪೇರಿಯಾಗಿತ್ತು.

"ಇವತ್ತು ನಿಮ್ಮ ಸರದಿ ಭಾವ," ಎಂದಳು ಪುಟ್ಟಿ. "ಸದ್ದು ಹೇಗಿರುತ್ತೆ ಅಂತ ನೀವು ಹೇಳಬೇಕು." ಇಬ್ಬರ ಸೀಟಿನ ನಡುವಿನ ಕೈಹಿಡಿಯ ಮೇಲೆ ಅಂಗೈ ಊರಿದಳು. ಅವನು ಪಕ್ಕದಲ್ಲಿ ಬೆರಳಿನಿಂದ ಬಡಿದ. ಇಂಜಿನ್ನಿಗೆ ಮುಷ್ಟಿ, ಅಲಾರಂಗೆ ಉಗುರು, ಸಂಗೀತಕ್ಕೆ ಹೇಗೆಂದು ತಿಳಿಯದೆ ಹಗುರಾಗಿ ಸವರಿದ. ಉಂಗುರಗಳ ನಡುವೆ ನೌಕೆ ಬಂದಾಗ ಎರಡೂ ಕೈಯಲ್ಲಿ ಗುದ್ದಿದ. ಪುಟ್ಟಿಯ ಕಣ್ಣರಳಿತು. "ಇಷ್ಟೊಂದಾ?" ಎಂದಳು.

ಮುಖ್ಯಸ್ಥೆ ಕೊಂಡಿ ಬಿಚ್ಚಿದಳು. ಅವನ ಬೆರಳು ನಿಂತಿತು.

"ಯಾಕೆ ಬಿಟ್ರಿ? ಏನಂದಳು?"

ಅವನು ಕಿವಿಗೊಟ್ಟ. ಸಂಗೀತವಿಲ್ಲ, ಉಸಿರಿಲ್ಲ, ಒಂದು ಗುಂಯ್ ಎನ್ನುವ ಸದ್ದೂ ಇಲ್ಲ. ಮಶೀನು ಕೆಟ್ಟಿರಲಿಲ್ಲ. ಸಿನಿಮಾ ಮಾಡಿದವರೇ ಅಲ್ಲಿ ಸದ್ದು ಇಟ್ಟಿರಲಿಲ್ಲ. ಅಲ್ಲಿ ಕೂತಿದ್ದ ಮುನ್ನೂರು ಜನರಲ್ಲಿ ಒಬ್ಬರಿಗೂ ಆ ಮಾತು ಕೇಳಿಸಿರಲಿಲ್ಲ.

ಅವನು ಬೆಳಕಿಗೆ ಮುಖ ಒಡ್ಡಿ ಹೇಳಿದ, "ಇಲ್ಲಿ ಸದ್ದೇ ಇಲ್ಲ ಪುಟ್ಟಿ. ನಮಗೂ ಇಲ್ಲ."

ಪುಟ್ಟಿ ನಂಬದವಳಂತೆ ಸುತ್ತ ಕೂತವರ ಮುಖಗಳನ್ನು ನೋಡಿದಳು. ಎಲ್ಲರೂ ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿಕೊಂಡು, ಜಾರಿಹೋಗುತ್ತಿರುವ ಆ ತುಟಿಗಳನ್ನೇ ನೋಡುತ್ತಿದ್ದರು. ಅವಳೂ ನೋಡಿದಳು. ಅವನೂ ನೋಡಿದ. ಪರದೆಯ ಮೇಲೆ ಹೆಸರುಗಳೆಲ್ಲ ಮುಗಿದು, ಕಸ ಗುಡಿಸುವವಳು ಪೊರಕೆ ಹಿಡಿದು ಸಾಲಿನ ತುದಿಗೆ ಬಂದು, "ಏಳ್ತೀರಾ, ಮುಂದಿನ ಆಟಕ್ಕೂ ಇರ್ತೀರಾ?" ಎಂದು ಕೇಳುವವರೆಗೂ ಇಬ್ಬರೂ ಕೂತೇ ಇದ್ದರು.