ಮೈಕಿನಲ್ಲಿ ಕೇಳಿದ ಕೂಗು

ಶಿವಣ್ಣನ ಹೆಣದ ಮೇಲೆ ಹೊದಿಸಲು ತಂದ ಪಕ್ಷದ ಬಾವುಟವನ್ನು ಅವನ ಹೆಂಡತಿ ಸುನಂದಮ್ಮ ಹುಡುಗರ ಕೈಯಿಂದ ಕಿತ್ತುಕೊಂಡಳು. ಶಾಮಿಯಾನದ ಕೆಳಗೆ ಅಳುತ್ತಿದ್ದವರು ತಲೆಯೆತ್ತಿ ನೋಡಿದರು.

"ಅಮ್ಮಾ, ನಿಮ್ಮ ಯಜಮಾನ್ರು ನಮ್ಮ ವೇದಿಕೆ ಮೇಲೇ ಪ್ರಾಣ ಬುಟ್ಟವ್ರೆ. ಪಕ್ಷಕ್ಕೋಸ್ಕರ ಸತ್ತವ್ರೆ," ಎಂದ ಮುಖಂಡ ಪ್ರಭುಸ್ವಾಮಿ. "ಹುಣಸೂರಲ್ಲಿ ಮೆರವಣಿಗೆ ಮಾಡ್ತೀವಿ."

"ಅವ್ರು ಮೈಕ್ ಕಟ್ಟಕೆ ಬಂದಿದ್ರು ಕಣ್ರೀ. ಓದ ತಿಂಗ್ಳು ಆಚೆ ಪಕ್ಷದೋರ್ಗೂ ಕಟ್ಟಿದ್ರು."

ಬಾವುಟವನ್ನು ಮಡಿಸಿ ಅವನ ಕೈಗೇ ಕೊಟ್ಟಳು.

ಎದುರು ಪಕ್ಷದ ಲಿಂಗಣ್ಣ ಶಿವಣ್ಣನ ದೊಡ್ಡಪ್ಪನ ಮಗ. ಅವನು ಹತ್ತಿರ ಬಂದು ದನಿ ತಗ್ಗಿಸಿದ. "ಒಳ್ಳೆ ಕೆಲ್ಸ ಮಾಡ್ದೆ ಬುಡವ್ವ. ಇದ್ರಲ್ಲಿ ರಾಜಕೀಯ ಎಲ್ಲೈತೆ? ಮಚ್ಚು ಬೀಸ್ದ ಆ ಸಾಗರ್ ತಲೆಕೆಟ್ಟೋನು. ಅವ್ನು ಏನೂ ಕೂಗ್ನಿಲ್ಲ ಅಂತ ಪೊಲೀಸ್ರಿಗೆ ಯೋಳ್ಬುಡು."

*

ಗುರುಪುರದ ಸುತ್ತಮುತ್ತ ಮದುವೆಯಿರಲಿ, ಚುನಾವಣೆಯಿರಲಿ, ಮೈಕ್ ಸೆಟ್ ಅಂದರೆ ಶಿವಣ್ಣನೇ. ಯಾರ ಭಾಷಣವನ್ನೂ ಅವನು ಕಿವಿಗೆ ಹಾಕಿಕೊಂಡವನಲ್ಲ. ದನಿ ಹಿಂದೆ ಕೂತ ಮುದುಕರಿಗೂ ಮುಟ್ಟಿತೇ ಎನ್ನುವುದಷ್ಟೇ ಅವನ ಚಿಂತೆ.

ಮೊನ್ನೆ ಸಂಜೆ ಅವನಿಗೆ ಬುತ್ತಿ ತಂದ ಸುನಂದಮ್ಮ ವೇದಿಕೆಯ ಪಕ್ಕದಲ್ಲೇ ನಿಂತಿದ್ದಳು. ಶಿವಣ್ಣ ಮೈಕ್ ತಟ್ಟಿ "ಹಲೋ, ಹಲೋ" ಅನ್ನುತ್ತಿದ್ದ. ಅವನ ಹಿಂದೆಯೇ ಕುರ್ಚಿಯಲ್ಲಿ ಪ್ರಭುಸ್ವಾಮಿ ಕೂತಿದ್ದ. ಅದೇ ಊರಿನ ಸಾಗರ್ ಮಚ್ಚು ಹಿಡಿದು ವೇದಿಕೆಗೆ ಹತ್ತಿ ಏನೋ ಕೂಗಿದ. ಮೈಕ್ ಆನ್ ಇತ್ತು. ಕೂಗು ಮೈದಾನಕ್ಕೆಲ್ಲ ಕೇಳಿಸಿತು. ಶಿವಣ್ಣ ತಿರುಗಿದ. ಏಟು ಅವನ ಕುತ್ತಿಗೆಗೆ ಬಿತ್ತು.

ಆ ಕೂಗು ಕೆಲವರಿಗೆ ಪಕ್ಷಕ್ಕೆ ಧಿಕ್ಕಾರವೆಂದು ಕೇಳಿಸಿತ್ತು. ಕೆಲವರಿಗೆ ದೇವರ ಹೆಸರು, ಇನ್ನು ಕೆಲವರಿಗೆ ಶಿವಣ್ಣನದೇ ಹೆಸರು. ಸಾಗರ್‌ನ ಮೊಬೈಲಿನಲ್ಲಿ ಎರಡೂ ಪಕ್ಷದವರ ಜೊತೆ ತೆಗೆಸಿಕೊಂಡ ಫೋಟೋಗಳಿದ್ದವಂತೆ. ಅವನು ಮಾತ್ರ ಪೊಲೀಸರ ಮುಂದೆ ಬಾಯಿ ಬಿಟ್ಟಿರಲಿಲ್ಲ. ಸುನಂದಮ್ಮ ಆ ಕೂಗನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಕೇಳಿಕೊಂಡಳು. ಕೂಗು ಸಿಗುತ್ತಿತ್ತು, ಮಾತು ಸಿಗುತ್ತಿರಲಿಲ್ಲ.

*

"ನೀವು ಅತ್ರದಲ್ಲೇ ಇದ್ರಿ," ಪ್ರಭುಸ್ವಾಮಿ ಬಿಡಲಿಲ್ಲ. "ಧಿಕ್ಕಾರ ಅಂದ ಅಂತ ಒಂದು ಮಾತು ಯೋಳಿ, ಸಾಕು."

ಸುನಂದಮ್ಮ ಎದ್ದು ನಿಂತಳು. "ಕೇಳಿಸ್ದೆ ಇರೋ ಮಾತ ಕೇಳಿಸ್ತು ಅನ್ನಕಿಲ್ಲ. ಭಾವ, ನಿಮ್ಗೂ ಅಷ್ಟೆಯ. ಕೂಗಿದ್ದ ಕೂಗ್ನಿಲ್ಲ ಅನ್ನಕಿಲ್ಲ. ಯಾಕ್ ಒಡ್ದ ಅಂತ ನಂಗೆ ಗೊತ್ತಾಗ್ಬೇಕು. ನಿಮಗ್ಯಾರಿಗೂ ಅದು ಬೇಕಾಗಿಲ್ಲ. ನನ್ ಗಂಡನ್ನ ನಿಮಗ್ಯಾರಿಗೂ ಕೊಡಕಿಲ್ಲ. ಎತ್ರಪ್ಪ ಚಟ್ಟ!"

ಎತ್ತಬೇಕಾದವರು ಪ್ರಭುಸ್ವಾಮಿಯ ಮುಖ ನೋಡಿದರು, ಲಿಂಗಣ್ಣನ ಮುಖ ನೋಡಿದರು. ಮಗಳು ಪವಿತ್ರಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದಿನ ಬಿದಿರಿಗೆ ಹೆಗಲು ಕೊಟ್ಟಳು. ಆಮೇಲೆ ನಾಚಿಕೊಂಡವರಂತೆ ಗಂಡಸರು ಒಬ್ಬೊಬ್ಬರೇ ಬಂದರು.

ಹೊಗೆಸೊಪ್ಪಿನ ಹೊಲದ ಅಂಚಿನಲ್ಲಿ ಗುಂಡಿ ತೋಡಿಟ್ಟಿದ್ದರು. ಹೆಣ ಇಳಿಸಿ, ಬಂದವರೆಲ್ಲ ಹಿಡಿಮಣ್ಣು ಹಾಕುತ್ತಿದ್ದಾಗ ಬದುವಿನ ಮೇಲೆ ಸಾಗರ್‌ನ ತಾಯಿ ಭಾಗ್ಯಮ್ಮ ಕಾಣಿಸಿದಳು.

"ಯಾವ್ ಮಕ ಇಟ್ಕೊಂಡು ಬಂದ್ಯಮ್ಮಿ, ಓಗಾಚೆಗೆ!" ಲಿಂಗಣ್ಣ ಅಬ್ಬರಿಸಿದ.

"ಬರ್ಲಿ ಬುಡಿ ಭಾವ." ಸುನಂದಮ್ಮ ತಾನೇ ಬದುವಿನ ತನಕ ನಡೆದಳು. "ನಿನ್ ಮಗ ಏನಾರ ಯೋಳಿದ್ನಾ?"

"ಉಣ್ಣಕೆ ಬತ್ತೀನಿ ಅಂದಿದ್ದ ಕಣಕ್ಕ, ಅಷ್ಟೇಯ." ಭಾಗ್ಯಮ್ಮ ಒಂದು ಹೆಜ್ಜೆ ಮುಂದೆ ಬಂದಳು. "ಅವ್ನು ಕೂಗಿದ್ದ ನೀನು ಕೇಳ್ದೆ ಅಂತಲ್ಲ. ಏನಂದ ಅಕ್ಕ?"

ಸುನಂದಮ್ಮ ಗೊತ್ತಿಲ್ಲವೆಂದು ತಲೆ ಅಲ್ಲಾಡಿಸಿದಳು. ಪ್ರಭುಸ್ವಾಮಿಯ ಹುಡುಗನೊಬ್ಬ ಮೊಬೈಲ್ ಎತ್ತಿ ವಿಡಿಯೋ ಮಾಡಲು ಶುರುಮಾಡಿದ. ಅವಳು ಭಾಗ್ಯಮ್ಮನ ರಟ್ಟೆ ಹಿಡಿದು ಗುಂಡಿಯ ಹತ್ತಿರ ಕರೆತಂದಳು. ಆ ಹುಡುಗನಿಗೆ ಬೆನ್ನು ಕೊಟ್ಟು ಅಡ್ಡ ನಿಂತಳು.

ಭಾಗ್ಯಮ್ಮ ಮಣ್ಣೆತ್ತಿಕೊಂಡು ಗುಂಡಿಯ ಮೇಲೆ ಕೈ ಚಾಚಿದಳು. ಮುಷ್ಟಿ ಬಿಚ್ಚಲಾಗಲಿಲ್ಲ. ಬೆರಳ ಸಂದಿಯಿಂದ ಮಣ್ಣು ಸಣ್ಣಗೆ ಉದುರುತ್ತಲೇ ಇತ್ತು.